ಯಳಂದೂರಿಗೊಂದು ಸ್ವೆಟರ್

ಹೆಂಗಸರು ಹೆಣಿಗೆ ಹಿಡಿದು ಕೂತರೆ ಯಾರೂ ತಿರುಗಿ ನೋಡುವುದಿಲ್ಲ. ಮೀಸೆ ಇರುವವನು ಎರಡು ಕಡ್ಡಿ, ಒಂದು ಉಲ್ಲನ್ ಉಂಡೆ ಹಿಡಿದು ಕೂತರೆ ಮಾತ್ರ ಏನಾದರೊಂದು ಆಗಿಯೇ ತೀರುತ್ತದೆ. ನನ್ನ ಪಾಲಿಗೆ ಹೀಗೆ ಆಗುತ್ತಲೇ ಇದೆ.

ನಾನು ಒಡೆಯರಪಾಳ್ಯದ ಪಕ್ಕದ ಹಳ್ಳಿಯ ಸರ್ಕಾರಿ ಹೈಸ್ಕೂಲಿನಲ್ಲಿ ಗಣಿತದ ಮೇಷ್ಟ್ರು. ನನ್ನ ಹೆಂಡತಿ ಯಳಂದೂರಿನಲ್ಲಿ ನರ್ಸು. ಇಬ್ಬರಿಗೂ ಸರ್ಕಾರಿ ಕೆಲಸ ಅಂತ ಎರಡೂ ಮನೆಯವರು ಖುಷಿಯಾಗಿ ಮದುವೆ ಮಾಡಿದರು. ಎರಡು ಕೆಲಸದ ನಡುವೆ ಹನೂರು ಇದೆ, ಕೊಳ್ಳೇಗಾಲ ಇದೆ, ಬಸ್ಸು ಬದಲಾಯಿಸುವುದಿದೆ ಅನ್ನುವುದು ಆವತ್ತು ಯಾರಿಗೂ ಹೊಳೆಯಲಿಲ್ಲ. ನಮಗೂ ಹೊಳೆಯಲಿಲ್ಲ. ಶನಿವಾರ ಮಧ್ಯಾಹ್ನ ಹೊರಡುತ್ತೇನೆ, ಸೋಮವಾರ ಮೊದಲ ಬಸ್ಸಿಗೆ ವಾಪಸ್ಸು. ಭಾನುವಾರ ಅವಳಿಗೆ ಡ್ಯೂಟಿ ಬಿದ್ದರೆ ಅದೂ ಇಲ್ಲ.

ಇಲ್ಲಿ ನನ್ನದೊಂದು ಬಾಡಿಗೆ ರೂಮು. ಕಾಡಂಚಿನ ಎತ್ತರದ ಊರಾದ್ದರಿಂದ ಚಳಿಗಾಲದಲ್ಲಿ ಹೊತ್ತು ಮುಳುಗಿದ ಕೂಡಲೇ ಬಾಗಿಲು ಹಾಕಿಕೊಳ್ಳಬೇಕು. ಹಾಕಿಕೊಂಡು ಮಾಡುವುದೇನು? ಅವಳಿಗೆ ಫೋನು ಮಾಡಿದರೆ ವಾರ್ಡಿನಲ್ಲಿರುತ್ತಾಳೆ. "ಆಮೇಲೆ ಮಾಡ್ತೀನಿ ಕಣ್ರಿ" ಅನ್ನುತ್ತಾಳೆ. ಆ 'ಆಮೇಲೆ' ಬರುವ ತನಕ ಕೈಗೆ ಏನಾದರೂ ಬೇಕಿತ್ತು.

ಅಳತೆ

ಮೊದಲು ನಾನು ಹೆಣೆಯಲು ಹೋದವನಲ್ಲ, ಕೊಳ್ಳಲು ಹೋದವನು. ಒಡೆಯರಪಾಳ್ಯದ ಟಿಬೆಟನ್ ಕ್ಯಾಂಪಿನಲ್ಲಿ ಒಬ್ಬ ಮುದುಕಮ್ಮ ಮನೆಯ ಮುಂದಿನ ಕೋಣೆಯಲ್ಲೇ ಸ್ವೆಟರು, ಟೋಪಿ ಇಟ್ಟುಕೊಂಡಿದ್ದರು. ಎಲ್ಲರೂ ಅವರನ್ನು ಅಮಾಲಾ ಅನ್ನುತ್ತಿದ್ದರು. ಅಂದರೆ ಅವರ ಮಾತಿನಲ್ಲಿ ಅಮ್ಮ. ಅಮಾಲಾ ಹುಟ್ಟಿ ಬೆಳೆದ ಊರು ಯಾವುದೋ, ಮಾತು ಮಾತ್ರ ಪಕ್ಕಾ ನಮ್ಮ ಹನೂರು ಕಡೆಯದು.

"ಯಾರ್ಗೆ?" ಅಂದರು.

"ಮನೆಯವರಿಗೆ."

"ಯಾವ ಸೈಜು?"

ಅದೇ ಗೊತ್ತಿರಲಿಲ್ಲ. ಫೋನು ಮಾಡಿದೆ, ಅವಳು ತೆಗೆಯಲಿಲ್ಲ. ಸಣ್ಣವರಾ ದಪ್ಪನವರಾ ಅಂತ ಅಮಾಲಾ ಕೇಳಿದರು. ಯಾವುದನ್ನು ಹೇಳಿದರೂ ಮುಂದೆ ನನಗೇ ಕಷ್ಟ ಅನಿಸಿತು. ಕೊನೆಗೆ ಕಣ್ಣು ಮುಚ್ಚಿ, ಎರಡೂ ತೋಳು ಮುಂದೆ ಚಾಚಿ, ಅವಳು ಎದುರಿಗೆ ನಿಂತಿದ್ದರೆ ಹೇಗೆ ಹಿಡಿಯುತ್ತಿದ್ದೆನೋ ಹಾಗೆ ಬಳಸಿ, "ಇಷ್ಟು" ಅಂದೆ.

"ಅಲ್ಲಾಡ್ಬೇಡಿ" ಅಂದು ಅಮಾಲಾ ಟೇಪು ತಂದು ನನ್ನ ತೋಳಿನೊಳಗಿನ ಗಾಳಿಯನ್ನು ಸುತ್ತಲೂ ಅಳೆದರು. ಆಮೇಲೆ, "ಈ ಅಳತೇದು ನನ್ತಾವ ಇಲ್ಲ ಮೇಷ್ಟ್ರೇ. ಅಳತೆ ನಿಮ್ ತೋಳಲ್ಲೇ ಅದೆ, ನೀವೇ ಎಣೀರಿ. ನಾನು ಏಳ್ಕೊಡ್ತೀನಿ" ಅಂದರು.

ಕಣ್ಣು ಬಿಟ್ಟು ನೋಡಿದರೆ, ರಸ್ತೆಯಲ್ಲಿ ನಮ್ಮ ಒಂಬತ್ತನೇ ಕ್ಲಾಸಿನ ಹುಡುಗಿಯರ ಗುಂಪು ಬಾಯಿಗೆ ಕೈ ಅಡ್ಡ ಹಿಡಿದುಕೊಂಡು ನಿಂತಿತ್ತು.

ಮಾರನೆಯ ದಿನ ಹೆಡ್‌ಮಾಸ್ಟರು ತಮ್ಮ ಕೋಣೆಗೆ ಕರೆಸಿದರು. ಬಾಗಿಲು ಮುಂದೆ ಮಾಡಿ ಮೆತ್ತಗೆ ಕೇಳಿದರು: "ಮೇಷ್ಟ್ರೇ, ಊರಿಗೆ ಹೋಗಿ ಎಷ್ಟು ದಿನ ಆಯ್ತು?"

"ಮೂರು ವಾರ ಸಾರ್. ಅವರಿಗೆ ಭಾನುವಾರ ಡ್ಯೂಟಿ ಬೀಳ್ತಾ ಇದೆ."

ಅವರು ನಿಟ್ಟುಸಿರು ಬಿಟ್ಟರು. "ಈ ಸಲ ಶನಿವಾರದ ಗಂಟ ಕಾಯ್ಬೇಡಿ. ಶುಕ್ರವಾರವೇ ಹೊರಟುಬಿಡಿ. ಮಕ್ಕಳು ಹೆದರ್ಕಂಡವೆ."

ಲಗೇಜು

ಅಮಾಲಾ ಹತ್ತಿರ ಸೀದಾ, ಉಲ್ಟಾ ಎರಡು ಹೆಣಿಗೆಯನ್ನೂ ಕಲಿತ ಮೇಲೆ ನನ್ನ ಕೈ ಸುಮ್ಮನಿರಲಿಲ್ಲ. ಬಸ್ಸಿನಲ್ಲೂ ಹೆಣೆಯತೊಡಗಿದೆ. ಅವಳಿಗೆಂದೇ ಶುರುಮಾಡಿದ ಮಫ್ಲರು, ಅರಿಶಿನದ ಬಣ್ಣದ್ದು, ಅರ್ಧಕ್ಕಿಂತ ಹೆಚ್ಚು ಆಗಿತ್ತು. ಕೊಳ್ಳೇಗಾಲ ಮುಟ್ಟುವಷ್ಟರಲ್ಲಿ ಮುಗಿಸಿ, ಯಳಂದೂರಲ್ಲಿ ಇಳಿದ ತಕ್ಷಣ ಅವಳ ಕುತ್ತಿಗೆಗೆ ಹಾಕಬೇಕು ಅನ್ನುವ ಆಸೆ.

ಹನೂರಿನ ಹತ್ತಿರ ಬಸ್ಸು ಗುಂಡಿಗೆ ಇಳಿದು ಎದ್ದಾಗ ಉಂಡೆ ತೊಡೆಯಿಂದ ಹಾರಿತು. ಬಗ್ಗಿ ನೋಡಿದೆ, ಸೀಟಿನ ಕೆಳಗೆ ಬರೀ ಕಾಲುಗಳು. ಬಸ್ಸು ತುಂಬ ಜನ. ದಾರ ಎಲ್ಲೋ ಮುಂದಕ್ಕೆ ಹೋಗಿತ್ತು. "ಸ್ವಲ್ಪ ಕಾಲು ಎತ್ತಿ, ಸ್ವಲ್ಪ ಕಾಲು ಎತ್ತಿ" ಅಂತ ನಾನು ಕೇಳಿಕೊಳ್ಳುವುದರೊಳಗೆ ಹನೂರು ಬಂತು, ಅರ್ಧ ಬಸ್ಸು ಇಳಿಯಿತು. ಮುಂದಿನ ಬಾಗಿಲಲ್ಲಿ ಇಳಿದ ಅಜ್ಜಿಯೊಬ್ಬಳ ಕುಕ್ಕೆಯೊಳಗೆ, ಸೊಪ್ಪಿನ ಮೇಲೆ, ನನ್ನ ಹಳದಿ ಉಂಡೆ ಕೂತಿರುವುದು ಕಂಡಿತು. ಕಾಲಿಗೆ ತೊಡರಿದ್ದನ್ನು ಯಾರೋ ಎತ್ತಿ ಅವಳದೇ ಅಂತ ಹಾಕಿರಬೇಕು.

"ಅಜ್ಜೀ!" ಅಂದೆ. ಬಸ್ಸು ಹೊರಟಿತು. ದಾರ ಬಿಗಿಯಾಯಿತು. ನಾನು ದಾರ ಹಿಡಿಯಲು ಹೋಗಿ ಕಡ್ಡಿ ಬಿಟ್ಟೆ. ಕಡ್ಡಿ ಜಾರಿದ್ದೇ ತಡ, ಹೆಣಿಗೆ ಸರ್ರನೆ ಬಿಚ್ಚಿಕೊಳ್ಳತೊಡಗಿತು. ಒಂದೊಂದು ಸಂಜೆಯೂ ಒಂದೊಂದು ಸಾಲಾಗಿ ಕಣ್ಣ ಮುಂದೆಯೇ ಬಾಗಿಲಿನಿಂದ ಹೊರಗೆ ಹೋಗುತ್ತಿತ್ತು.

"ನಿಲ್ಸಿ, ನಿಲ್ಸಿ! ನನ್ನ ಮಫ್ಲರು!"

ಕಂಡಕ್ಟರು ಸೀಟಿ ಊದದೆ ಹತ್ತಿರ ಬಂದು, ದಾರವನ್ನು ಬಾಗಿಲ ತನಕ ಕಣ್ಣಲ್ಲೇ ಹಿಂಬಾಲಿಸಿ, ನನ್ನ ಟಿಕೆಟ್ಟನ್ನು ನೋಡಿದ.

"ಏನ್ಸಾ ಇದು? ನೀವು ಕೊಳ್ಳೇಗಾಲದ ಗಂಟ ಟಿಕೆಟ್ ತಕಂಡಿದ್ದೀರಿ. ನಿಮ್ ಲಗೇಜು ಅನೂರಲ್ಲೇ ಇಳ್ಕಂಡದಲ್ಲ?"

ನೂರೈವತ್ತು

ನವೆಂಬರು ಹತ್ತಿರ ಬಂದರೆ ಕ್ಯಾಂಪಿನ ಎಷ್ಟೋ ಮನೆಗಳಿಗೆ ಬೀಗ ಬೀಳುತ್ತದೆ. ಸ್ವೆಟರ್ ಮೂಟೆ ಕಟ್ಟಿಕೊಂಡು ದೂರದ ಪೇಟೆಗಳಿಗೆ ಹೋಗುತ್ತಾರೆ. ಅಮಾಲಾ ಈರೋಡಿಗೆ ಹೋದರು. ಹೆಣೆಯಬೇಕಾದ ಕಾಲದಲ್ಲೇ ಹೇಳಿಕೊಡುವವರು ಇಲ್ಲ. ನಾನು ಸುಮ್ಮನೆ ಒಂದೆರಡು ಸಲ ಅವರ ಮನೆಯ ತನಕ ನಡೆದುಹೋದೆ. ಬೀಗ ಹಾಕಿದ ಬಾಗಿಲ ಮುಂದೆ ಅವರ ನಾಯಿ ಮಲಗಿತ್ತು. ಅದೂ ನನ್ನಂತೆಯೇ ರಸ್ತೆ ನೋಡುತ್ತಿತ್ತು. ಇಬ್ಬರೂ ಸ್ವಲ್ಪ ಹೊತ್ತು ಕೂತು ಬೇರೆ ಬೇರೆ ದಿಕ್ಕು ನೋಡಿದೆವು. ಅದು ಈರೋಡಿನ ಕಡೆ, ನಾನು ಯಳಂದೂರಿನ ಕಡೆ.

ಆ ಸಲ ಹೆಂಡತಿಗೆ ಒಂದು ಟೋಪಿ ಮಾಡೋಣ ಅಂದುಕೊಂಡೆ. ಕಡ್ಡಿಯ ಮೇಲೆ ಎಷ್ಟು ಕುಣಿಕೆ ಹಾಕಿ ಶುರುಮಾಡಬೇಕು ಅಂತ ಕೇಳಲು ಅಮಾಲಾಗೆ ಫೋನು ಮಾಡಿದೆ. ಅವರು ಅಂಗಡಿಯಲ್ಲಿದ್ದರು, ಹಿಂದೆ ಗಲಾಟೆಯೋ ಗಲಾಟೆ.

"ಅಮಾಲಾ, ಟೋಪಿಗೆ ಎಷ್ಟು?"

"ನೂರೈವತ್ತು."

"ಜಾಸ್ತಿ ಆಗಲ್ವಾ?"

"ನೂರೈವತ್ತು! ಒಂದೂ ಕಮ್ಮಿ ಆಗಲ್ಲ!"

ಇಷ್ಟು ಖಡಾಖಂಡಿತವಾಗಿ ಹೇಳಿದ ಮೇಲೆ ನಾನು ಎದುರಾಡಲಿಲ್ಲ. ನೂರೈವತ್ತು ಹಾಕಿದೆ. ಹೆಣೆದೆ, ಹೆಣೆದೆ, ಉಲ್ಲನ್ ಮುಗಿಯಿತು, ಇನ್ನೊಂದು ಉಂಡೆ ತಂದೆ. ಸುತ್ತು ಬರುತ್ತಲೇ ಇತ್ತು.

ಶನಿವಾರ ಅದನ್ನು ಕೊಟ್ಟಾಗ ಹೆಂಡತಿ ತಿರುಗಿಸಿ ನೋಡಿದಳು. "ಯಾರ ತಲೇಗ್ರೀ ಇದು?" ಹಾಕಿಕೊಂಡಳು. ಕೆನ್ನೆ, ಗಲ್ಲ, ಎಲ್ಲ ಮುಳುಗಿ ಹೆಗಲ ಮೇಲೆ ನಿಂತಿತು. ಒಳಗಿನಿಂದ ನಗು ಕೇಳಿತು. ಆಮೇಲೆ ಒಂದು ಅಂಚು ಎತ್ತಿ, "ಬನ್ನಿ, ಜಾಗ ಅದೆ" ಅಂದಳು. ನಾನೂ ತಲೆ ಇಟ್ಟೆ. ಒಂದೇ ಟೋಪಿಯೊಳಗೆ ಇಬ್ಬರೂ ಕಿವಿಗೆ ಕಿವಿ ತಾಗಿಸಿಕೊಂಡು ನಡುಮನೆಯಲ್ಲಿ ಕೂತೆವು. "ಸೋಮವಾರ ಹೀಗೇ ಬಸ್ ಸ್ಟ್ಯಾಂಡಿಗೆ ಹೋದ್ರೆ ನಿಮ್ಮನ್ನ ಹತ್ತಿಸಿಕೊಳ್ಳಲ್ಲ ಅಲ್ವಾ?" ಅಂದಳು. ನಾನು ಟೋಪಿಯ ಅಂಚನ್ನು ಇನ್ನಷ್ಟು ಕೆಳಕ್ಕೆ ಎಳೆದೆ. ಅವಳು ನಗುವುದನ್ನು ನಿಲ್ಲಿಸಿದಳು.

ಸೋಮವಾರ ಬಸ್ಸಿನಿಂದ ಅಮಾಲಾಗೆ ಫೋನು ಮಾಡಿ ಜಗಳ ತೆಗೆದೆ. "ನೂರೈವತ್ತು ಹಾಕಿ ಅಂದ್ರಲ್ಲ!"

ಅವರಿಗೆ ಆಗ ನೆನಪಾಯಿತು. "ಅಯ್ಯೋ, ಅದು ನಿಮ್ಗಲ್ಲ, ಅಂಗ್ಡೀಗೆ ಬಂದಿದ್ ಗಿರಾಕಿಗೆ ಏಳಿದ್ದು. ಮಂಕಿ ಟೋಪಿ ರೇಟು. ಆಯಮ್ಮ ಜಾಸ್ತಿ ಆಯ್ತು ಅಂತ ತಕಳ್ಳಿಲ್ಲ." ಆಮೇಲೆ ನಗುತ್ತಾ ಅಂದರು: "ನೀವು ತಕಂಡ್ರಾ?"

ಜಡೆ

ಹೆಣಿಗೆಯಲ್ಲಿ ಜಡೆ ಹಾಕುವುದು ಅಂತ ಒಂದಿದೆ. ಮೂರು ಕುಣಿಕೆಯನ್ನು ಇನ್ನೊಂದು ಕಡ್ಡಿಗೆ ಎತ್ತಿಟ್ಟು, ಮುಂದಿನ ಮೂರನ್ನು ಮೊದಲು ಹೆಣೆದು, ಆಮೇಲೆ ಎತ್ತಿಟ್ಟದ್ದಕ್ಕೆ ವಾಪಸ್ಸು ಬರಬೇಕು. ಆಗ ಎರಡು ಎಳೆ ಒಂದಕ್ಕೊಂದು ಹೆಣೆದುಕೊಂಡು ಜಡೆಯಂತೆ ಏಳುತ್ತದೆ. ಫೋನಿನಲ್ಲಿ ವಿಡಿಯೋ ನೋಡಿ ನೋಡಿ ಕಣ್ಣು ಕೆಂಪಾಯಿತೇ ಹೊರತು ಬರಲಿಲ್ಲ. ಅದು ಬಂದದ್ದು ಇಲಾಖೆಯ ಕಚೇರಿಯಲ್ಲಿ, ವರ್ಗಾವಣೆಯ ಕ್ಯೂನಲ್ಲಿ.

ಗಂಡ ಹೆಂಡತಿ ಒಂದೇ ಕಡೆ ಇರಲಿ ಅಂತ ವರ್ಗಾವಣೆ ಕೇಳಬಹುದು. ನಾನು ಪ್ರತಿ ಸಲವೂ ಕೇಳುತ್ತೇನೆ. ನನ್ನ ಸರದಿ ಬರುವಷ್ಟರಲ್ಲಿ ಯಳಂದೂರಿನ ಕಡೆಯ ಜಾಗವೆಲ್ಲ ಮುಗಿದಿರುತ್ತದೆ. ಕ್ಯೂ ಉದ್ದ ಅಂತ ಗೊತ್ತಿದ್ದರಿಂದ ಆ ಸಲ ಸ್ವೆಟರಿನ ಮುಂಭಾಗ ತೆಗೆದುಕೊಂಡು ಹೋಗಿದ್ದೆ. ಪಕ್ಕದಲ್ಲಿ ರಾಮಾಪುರದ ಕಡೆಯ ಮೇಡಮ್ಮೊಬ್ಬರು ಕೂತಿದ್ದರು. ಅವರ ಯಜಮಾನರು ಇರುವುದು ಎಲ್ಲೋ ಹಾಸನದ ಆಚೆ. ಸ್ವಲ್ಪ ಹೊತ್ತು ನನ್ನ ಪಾಡು ನೋಡಿ, "ಎತ್ತಿಟ್ಟಿದ್ದನ್ನ ಹಿಂದಕ್ಕೆ ಬಿಡಿ ಸಾರ್, ಮುಂದಕ್ಕಲ್ಲ" ಅಂದು ತಮ್ಮ ಪೆನ್ಸಿಲನ್ನೇ ಮೂರನೇ ಕಡ್ಡಿಯಾಗಿ ಸಿಕ್ಕಿಸಿ ತೋರಿಸಿದರು. ಮೊದಲ ತಿರುವು ಬಂದಾಗ ಇಬ್ಬರೂ ಎಷ್ಟು ಹಿಗ್ಗಿದೆವೆಂದರೆ, ಮುಂದಿನ ಬೆಂಚಿನವರು ನಮಗೆ ವರ್ಗಾವಣೆಯೇ ಸಿಕ್ಕಿತೆಂದುಕೊಂಡು ಕೈಕುಲುಕಿದರು.

ಸಿಗಲಿಲ್ಲ. ಇಬ್ಬರಿಗೂ ಸಿಗಲಿಲ್ಲ.

ಮೆಟ್ಟಿಲು ಇಳಿಯುವಾಗ ಬಾಗಿಲಲ್ಲಿದ್ದ ಅಟೆಂಡರು ನನ್ನ ಚೀಲದಿಂದ ಇಣುಕುತ್ತಿದ್ದ ಕಡ್ಡಿ ನೋಡಿ ಗುರುತು ಹಿಡಿದ. "ಓದ್ಸಲ ಬಂದಾಗ ಕಾಲ್ಚೀಲ ಎಣೀತಿದ್ರಿ ಅಲ್ವಾ ಸಾ?"

"ಹೌದಪ್ಪ. ಈ ಸಲ ಸ್ವೆಟರು."

ಅವನು ಒಳಗಿನ ಕೋಣೆಯ ಕಡೆ ಒಮ್ಮೆ ನೋಡಿ, ದನಿ ತಗ್ಗಿಸಿ, ನನ್ನ ಒಳ್ಳೆಯದಕ್ಕೇ ಅನ್ನುವಂತೆ ಹೇಳಿದ: "ಮುಂದಿನ್ ಸಲ ಕಂಬ್ಳೀನೇ ಶುರು ಮಾಡ್ಕಂಡ್ ಬಂದ್ಬುಡಿ ಸಾ."

ಫ್ಯಾನು

ಸ್ವೆಟರು ಕೊನೆಗೂ ಮುಗಿಯಿತು. ನೇರಳೆ ಬಣ್ಣ, ಎದೆಯ ಮೇಲೆ ಎರಡು ಜಡೆ. ನಾನಿರುವ ಊರಿನಲ್ಲಿ ಹಲ್ಲು ಕಟಕಟ ಅನ್ನುವ ಚಳಿ. ಆ ಚಳಿಯಲ್ಲಿ ಕೂತು ಹೆಣೆದವನಿಗೆ ಯಳಂದೂರು ಮರೆತೇಹೋಗಿತ್ತು. ಅಲ್ಲಿ ಜನವರಿಯ ಮಧ್ಯಾಹ್ನವೂ ಬೆವರು.

ಹೆಂಡತಿ ಸ್ವೆಟರನ್ನು ಮೂಗಿಗೆ ಹಿಡಿದಳು. "ನಿಮ್ ರೂಮಿನ ವಾಸನೆ" ಅಂದಳು. ಆಮೇಲೆ ಹಾಕಿಕೊಂಡು, ತೋಳೆರಡನ್ನೂ ಮೊಣಕೈ ತನಕ ಮಡಚಿ, ಕನ್ನಡಿ ಮುಂದೆ ತಿರುಗಿದಳು. ಹಣೆಯ ಮೇಲೆ ಹನಿ ಮೂಡಿತು. "ತೆಗಿ, ಸೆಕೆ" ಅಂದೆ. ಕೇಳಲಿಲ್ಲ. ಫ್ಯಾನನ್ನು ಪೂರ್ತಿ ತಿರುಗಿಸಿ, ಅದರ ನೇರ ಕೆಳಗೆ ಕುರ್ಚಿ ಎಳೆದುಕೊಂಡು, ಸ್ವೆಟರಿನಲ್ಲೇ ಊಟಕ್ಕೆ ಕೂತಳು.

ಪಕ್ಕದ ಮನೆಯವರು ಸಾರು ಕೊಡಲು ಬಂದವರು ಬಾಗಿಲಲ್ಲೇ ನಿಂತರು. "ಜ್ವರವೇನವ್ವ?"

"ಇಲ್ಲ ಅಕ್ಕಾ" ಅಂದಳು ಬೆವರು ಒರೆಸಿಕೊಳ್ಳುತ್ತಾ, "ನಮ್ಮನೆಯವ್ರು ಬಂದವ್ರೆ."

ತೋಳು

ನನಗೊಂದು ಆಸೆ ಉಳಿದಿತ್ತು. ನಾನು ಎದುರಿಗಿಲ್ಲದಾಗಲೂ ಅವಳು ಅದನ್ನು ಹಾಕಿಕೊಳ್ಳುತ್ತಾಳಾ? ಫೋನಿನಲ್ಲಿ ಕೇಳಿದರೆ "ಹ್ಞೂಂ ಹ್ಞೂಂ" ಅನ್ನುತ್ತಿದ್ದಳು. ಆ 'ಹ್ಞೂಂ' ನನಗೆ ಸಾಲುತ್ತಿರಲಿಲ್ಲ. ನಾನು ಇಲ್ಲದ ಹೊತ್ತಿನಲ್ಲಿ ಅವಳು ಹೇಗಿರುತ್ತಾಳೆ ಅನ್ನುವುದನ್ನು ಗಂಡನಾಗಿ ನಾನು ನೋಡಿಯೇ ಇರಲಿಲ್ಲ.

ಕಳೆದ ಡಿಸೆಂಬರಿನಲ್ಲಿ ಎಲ್ಲೋ ಸಮುದ್ರದಲ್ಲಿ ಚಂಡಮಾರುತವೆದ್ದು ನಮ್ಮ ಕಡೆಯೆಲ್ಲ ಮೋಡ ಕವಿಯಿತು. ಜಿನುಗು ಮಳೆ, ಕೊರೆಯುವ ಗಾಳಿ. ಶಾಲೆಗೆ ರಜೆ ಕೊಟ್ಟರು. ವಾರದ ನಡುವೆ, ಹೇಳದೆ ಕೇಳದೆ ಬಸ್ಸು ಹತ್ತಿದೆ. ಕೊಳ್ಳೇಗಾಲದಲ್ಲೂ ಜನ ಟವಲ್ಲು ಹೊದ್ದುಕೊಂಡು ಓಡಾಡುವುದು ನೋಡಿ ಹಿಗ್ಗಿದೆ. ಚಳಿ ನಮ್ಮವಳ ಊರಿಗೂ ಬಂದಿತ್ತು.

ಆಸ್ಪತ್ರೆಯಲ್ಲಿ ಹೆಂಗಸರ ವಾರ್ಡಿನ ಬಾಗಿಲ ಹತ್ತಿರ ಹೋದೆ. ಒಳಗೆ ಅವಳ ದನಿ. ಇಣುಕಿದೆ. ಬೆನ್ನು ನನ್ನ ಕಡೆಗಿತ್ತು. ಬಿಳಿ ಕೋಟಿನ ಮೇಲೆ ನೇರಳೆ ಸ್ವೆಟರು! ಅವಳನ್ನು ಕೂಗಲು ಹೋದವನು ಬಾಗಿಲ ಮರೆಯಲ್ಲೇ ನಿಂತುಬಿಟ್ಟೆ.

ಮಂಚದ ಮೇಲೆ ಒಬ್ಬ ಅಜ್ಜಿ. ಇವಳು ಬಿ.ಪಿ. ನೋಡುತ್ತಿದ್ದರೆ ಅಜ್ಜಿ ಇವಳ ತೋಳನ್ನೇ ನೋಡುತ್ತಿದ್ದಳು. ಆಗಲೇ ನನಗೂ ಕಂಡದ್ದು. ಎಡಗೈಯ ತೋಳು ಬೆರಳಿನ ತುದಿ ತನಕ ಇಳಿಬಿದ್ದಿತ್ತು, ಬಲಗೈಯದು ಮಣಿಕಟ್ಟಿಗೇ ನಿಂತಿತ್ತು. ಗಣಿತದ ಮೇಷ್ಟ್ರು ಹೆಣೆದದ್ದು!

"ಅಲ್ಲ ಕಣವ್ವಾ ಸಿಸ್ಟ್ರೇ," ಅಂದಳು ಅಜ್ಜಿ, "ಒಂದ್ ತೋಳು ಉದ್ದ, ಒಂದ್ ತೋಳು ಗಿಡ್ಡ. ಯಾವನವ್ವ ಇದ ಮಾಡ್ದೋನು? ಕೈಗ್ ಸಿಕ್ರೆ ಬೈದು ವಾಪಸ್ ಕೊಡು."

ನಾನು ಗೋಡೆಗೆ ಅಂಟಿಕೊಂಡೆ.

"ಸುಮ್ನಿರವ್ವ" ಅಂದಳು ನನ್ನ ಹೆಂಡತಿ. "ತೋಳು ಎರಡೂ ಸರ್ಯಾಗೇ ಅವೆ. ನನ್ ಕೈಯೇ ಒಂದು ಗಿಡ್ಡ."

ಅಜ್ಜಿ ನಂಬಿಬಿಟ್ಟಳು. ಇವಳ ಎಡಗೈ ಹಿಡಿದು, ಮೇಲಿಂದ ಕೆಳಗೆ ಸವರಿ, ಕಣ್ಣಲ್ಲಿ ನೀರು ತಂದುಕೊಂಡಳು. "ಅಯ್ಯೋ ನನ್ ಕಂದಾ! ಇಷ್ಟು ಚೆಂದಾಗಿದ್ದೀಯೆ. ಈ ಕೈ ನೋಡ್ಬುಟ್ಟು ಯಾವನೂ ಕಟ್ಕಳ್ನಿಲ್ವೇನವ್ವ ನಿನ್ನ?"

"ಕಟ್ಕಂಡವ್ರೆ ಕಣವ್ವ" ಅಂದಳು ಇವಳು, ಉದ್ದದ ತೋಳನ್ನು ಮೆಲ್ಲಗೆ ಮೇಲಕ್ಕೆ ಮಡಚಿಕೊಳ್ಳುತ್ತಾ. "ವಾರಕ್ಕೊಂದ್ ದಿನ ಬತ್ತಾರಲ್ಲ, ಅವ್ರಿಗಿನ್ನೂ ಗೊತ್ತಾಗಿಲ್ಲ."