ಒದ್ದೆ ಬಟ್ಟೆಯಲ್ಲಿ ಕಾದಂಬರಿ

ನಮ್ಮ ಸೋದರಮಾವ ಹುಲಿಗೂ ಹೆದರಿದವರಲ್ಲ, ಹೆದರಿದ್ದು ಫ್ಲಾಪಿಗೆ! ಹುಲಿಯನ್ನು ಅವರು ಕಂಡೇ ಇರಲಿಲ್ಲ ಎನ್ನುವುದು ಬೇರೆ ಮಾತು.

ಅವರದು ರೇಷ್ಮೆ ಮೊಟ್ಟೆ ಹಂಚುವ ಕೆಲಸ. ಚಿಂತಾಮಣಿ, ಶಿಡ್ಲಘಟ್ಟ, ಚಿಕ್ಕಬಳ್ಳಾಪುರ, ಗೌರಿಬಿದನೂರು ಎಂದು ಸದಾ ಬಸ್ಸಿನಲ್ಲೇ ವಾಸ. ತೊಂಬತ್ತರ ದಶಕದಲ್ಲಿ ಊರೂರಿಗೂ ಡಿಟಿಪಿ ಅಂಗಡಿ ಬಂದದ್ದೇ ತಡ, ಮಾವನಿಗೆ ಕಂಪ್ಯೂಟರಿನಲ್ಲೇ ಕಾದಂಬರಿ ಬರೆಯುವ ಹುಚ್ಚು ಹತ್ತಿತು. ಬಸ್ಸಿಗೆ ಕಾಯುವ ಊರಿನಲ್ಲಿ ಒಂದು ಪುಟ! ಕೈಯಲ್ಲಿ ಬರೆದರೆ ಆಗದೇ? "ಆಗಲ್ಲ ಕಣೋ" ಎನ್ನುತ್ತಿದ್ದರು, ಅಷ್ಟೆ.

ಯಾವ ಅಂಗಡಿಗೆ ಹೋದರೂ ಮೊದಲ ಪ್ರಶ್ನೆ ಒಂದೇ. "ನಿಮ್ಮ ಸಾಫ್ಟ್‌ವೇರಲ್ಲಿ ಅಕ್ಷರ ಎಷ್ಟು ದೊಡ್ಡದಾಗ್ತದೆ?"

"ಮಾವ, ಬರೀತಿರೋದು ಕಾದಂಬರೀನೋ, ಅಂಗಡಿ ಬೋರ್ಡೋ?" ಎಂದು ನಾನು ಛೇಡಿಸಿದರೂ ಅವರ ಕಣ್ಣು ಪರದೆಯ ಮೇಲೇ.

ಒಂದೊಂದು ಅಂಗಡಿಯಲ್ಲೂ ಒಂದೊಂದು ಸಾಫ್ಟ್‌ವೇರ್. ಚಿಂತಾಮಣಿಯಲ್ಲಿ ಟೈಪಿಸಿ ಫ್ಲಾಪಿಗೆ ತುಂಬಿಸಿಕೊಂಡ ಅಧ್ಯಾಯವನ್ನು ಗೌರಿಬಿದನೂರಿನಲ್ಲಿ ತೆರೆದರೆ ಬರೀ ಡಾಲರು, ಪ್ರಶ್ನಾರ್ಥಕ ಚಿಹ್ನೆ! ನಾಯಕಿ ಮದುವೆಗೆ ಒಪ್ಪಿದಳೋ, ಬಾವಿಗೆ ಹಾರಿದಳೋ? ಹೆದರಿದಾಗ ಮಾವನ ಬಾಯಲ್ಲಿ ತೆಲುಗು. "ಪೋಯಿಂದಿ! ಅಂತಾ ಪೋಯಿಂದಿ!" ಎಲ್ಲ ಹೋಯಿತು ಎಂದು ಎದೆ ಹಿಡಿದುಕೊಂಡರು. ಸ್ಪೀಕರಿನಲ್ಲಿ ಅಯಸ್ಕಾಂತವಿದೆ, ಅದು ಫ್ಲಾಪಿಯನ್ನು ಅಳಿಸುತ್ತದೆ ಎಂದು ಯಾರೋ ಹೇಳಿದ ಮೇಲೆ, ಹಾಡು ಹಾಕುವ ಬಸ್ಸನ್ನೇ ಹತ್ತಲಿಲ್ಲ.

ಕೊನೆಗೆ ಶಿಡ್ಲಘಟ್ಟದ ಸಾಹೇಬರೊಬ್ಬರ ಅಂಗಡಿಯ ಸಾಫ್ಟ್‌ವೇರ್ ಒಪ್ಪಿಗೆಯಾಯಿತು. ಕಾದಂಬರಿಯೆಲ್ಲ ಒಂದೇ ಫ್ಲಾಪಿಯಲ್ಲಿ. ಬಿರುಬೇಸಿಗೆ ಬೇರೆ. ಹಾಳೆಗೆ ಅಂಟಿದ ರೇಷ್ಮೆ ಮೊಟ್ಟೆಗಳು ಬಿಸಿಲಿಗೆ ಸಾಯದಿರಲೆಂದು ಒದ್ದೆ ಬಟ್ಟೆ ಸುತ್ತಿ ಒಯ್ಯುವುದು ಅವರ ಕಸುಬಿನ ರೂಢಿ. ಫ್ಲಾಪಿಗೂ ಅದೇ ಉಪಚಾರ!

"ಏನ್ ಸಾರ್ ಇದು, ಸ್ನಾನ ಮಾಡ್ಸಿದೀರಾ?" ಸಾಹೇಬರು ಹೌಹಾರಿದರು.

"ಬಿಸಿಲಿಗೆ ಒಳಗಿರೋದು ಸತ್ತೋಗಲ್ವಾ?"

ಫ್ಯಾನಿನ ಕೆಳಗೆ ಒಣಗಿಸಿ, ಸಾಹೇಬರು ಫ್ಲಾಪಿಯನ್ನು ಒಳಗೆ ತೂರಿಸಿದರು. ಯಂತ್ರ ಕರಕರ ಎಂದಿತು. ಅವತ್ತು ಜೊತೆಗೆ ಹೋಗಿದ್ದ ನಾನು ಕಿಸಕ್ಕನೆ ನಕ್ಕೆ. ಮಾವ ನನ್ನ ಭುಜ ಹಿಡಿದರು.

"ನಗಬೇಡ್ವೋ. ನಿಮ್ಮತ್ತೆಗೆ ಒಂದು ಕಣ್ಣು ಹೋಯ್ತು. ಇನ್ನೊಂದು ಹೋಗೋದ್ರೊಳಗೆ ಓದ್ಬೇಕು ಅಂತಾಳೆ. ನನ್ನ ಕೈಬರಹ ಅವಳಿಗೆ ಕಾಣಲ್ಲಪ್ಪ."

ಈಗ ನನಗೂ ಭಯವಾಯಿತು. ಕರಕರ ನಿಲ್ಲುವವರೆಗೆ ಮೂವರೂ ಉಸಿರಾಡಲಿಲ್ಲ.

ತೆರೆಯಿತು! ಮೊದಲ ಪುಟ, ಅರ್ಪಣೆ. ಸಾಹೇಬರು ಅಕ್ಷರ ದೊಡ್ಡದು ಮಾಡುತ್ತಾ ಹೋದರು. ಕಡೆಗೆ ಪರದೆಯ ತುಂಬ ಒಂದೇ ಪದ ಉಳಿಯಿತು, ಅತ್ತೆಯ ಹೆಸರು.

ಮಾವ ಒಂದು ಕಣ್ಣು ಮುಚ್ಚಿಕೊಂಡು ನೋಡಿದರು. "ಇನ್ನೂ ಸ್ವಲ್ಪ ದೊಡ್ಡದಾಗ್ತದಾ, ಸಾಹೇಬ್ರೇ?"