ಸೀದ ಹಾಲಿನ ಗುಟ್ಟು

ಹಾಲು ಸೀಯಿಸುವ ಹೆಂಗಸು ಎಂದೇ ನಮ್ಮ ಬೀದಿಯಲ್ಲಿ ನನಗೆ ಹೆಸರು. ಹನ್ನೆರಡು ವರ್ಷಗಳಿಂದ, ಹೆಚ್ಚುಕಡಿಮೆ ದಿನಾ ಮಧ್ಯಾಹ್ನ, ನಾನು ಬೇಕೆಂದೇ ಹಾಲು ಸೀಯಿಸುತ್ತಿದ್ದೇನೆ. ಈ ಮನೆಯ ಮಾನ ಉಳಿದಿರುವುದೇ ಆ ವಾಸನೆಯಿಂದ ಎಂದರೆ ಯಾರು ನಂಬುತ್ತಾರೆ?

ಮನೆಯ ಮುಂದಿನ ಕೋಣೆಯಲ್ಲಿ ನಮ್ಮ ಯಜಮಾನರ ರಿಪೇರಿ ಅಂಗಡಿ. ಮಿಕ್ಸಿ, ಫ್ಯಾನು, ಇಸ್ತ್ರಿಪೆಟ್ಟಿಗೆ, ಯಾವುದಾದರೂ ಸರಿ. ಮಾವನವರಿಂದ ಅಂಗಡಿ ಬಂತು, ವಿದ್ಯೆ ಮಾತ್ರ ಬರಲಿಲ್ಲ. ಇವರು ಯಂತ್ರ ಬಿಚ್ಚಿ, ಒಳಗೆ ಇಣುಕಿ, "ಹ್ಞೂಂ" ಎಂದು ಗಂಭೀರವಾಗಿ ಮುಚ್ಚುತ್ತಾರೆ. (ಮುಚ್ಚಿದ ಮೇಲೆ ಎರಡು ಸ್ಕ್ರೂ ಹೊರಗೇ ಉಳಿದಿರುತ್ತವೆ.) "ಇದಕ್ಕೆ ಸ್ವಲ್ಪ ವಿಶ್ರಾಂತಿ ಬೇಕು" ಎಂದು ಗಿರಾಕಿಯನ್ನು ಸಾಗಹಾಕಿ, ತಾವೇ ವಿಶ್ರಾಂತಿಗೆ ಹೊರಡುತ್ತಾರೆ.

ಗೊರಕೆ ಶುರುವಾದರೆ ನನ್ನ ಕೆಲಸ ಶುರು. ನನ್ನಪ್ಪ ರೇಡಿಯೋ ಮೆಕ್ಯಾನಿಕ್; ನಾನು ಬೊಂಬೆಗಿಂತ ಮೊದಲು ಇಕ್ಕಳ ಹಿಡಿದವಳು. ಅಕ್ಕಿ ಡಬ್ಬದಲ್ಲಿ ಹೂತಿಟ್ಟ ಸ್ಕ್ರೂಡ್ರೈವರ್ ತೆಗೆದು, ಯಂತ್ರ ಬಿಚ್ಚಿ, ತಂತಿಗೆ ಬೆಸುಗೆ ಹಾಕುತ್ತೇನೆ. ಬೆಸುಗೆಯ ಹೊಗೆ ಅತ್ತೆಯ ಮೂಗಿಗೆ ತಿಳಿಯಬಾರದಲ್ಲ, ಅದಕ್ಕೇ ಪಕ್ಕದಲ್ಲಿ ಹಾಲು.

ಯಜಮಾನರು ಎದ್ದು ಬಂದು ಗುಂಡಿ ಒತ್ತಿದರೆ ಯಂತ್ರ ಗಿರ್ರೆನ್ನುತ್ತದೆ. "ಥೇಟ್ ಅವರಪ್ಪನ ಕೈಗುಣ!" ಎಂದು ಅತ್ತೆ ಕಣ್ಣು ಒದ್ದೆ ಮಾಡಿಕೊಳ್ಳುತ್ತಾರೆ. ಮಾವನವರು ಹೋದ ದುಃಖವನ್ನು ಆ ಕೈಗುಣ ನೋಡಿಯೇ ಮರೆತವರು ಅವರು. ಅದನ್ನು ಕಿತ್ತುಕೊಳ್ಳಲು ನನಗೆ ಮನಸ್ಸು ಬರಲಿಲ್ಲ. ಆದರೆ ಅವರ ಮಾತು ಅಲ್ಲಿಗೇ ನಿಲ್ಲಬೇಕಲ್ಲ! "ಇವಳ ಕೈಯಲ್ಲಿ ಒಂದು ಲೋಟ ಹಾಲೂ ನೆಟ್ಟಗೆ ಕಾಯಲ್ಲ" ಎಂದೂ ಸೇರಿಸುತ್ತಾರೆ. ಹೊಟ್ಟೆ ಉರಿಯುವುದಿಲ್ಲವೇ?

ಮೊನ್ನೆ ಎದುರುಮನೆ ಟೀಚರಮ್ಮ ಮಿಕ್ಸಿ ತಂದು, ಕುರ್ಚಿ ಎಳೆದುಕೊಂಡು ಕೂತೇಬಿಟ್ಟರು.

"ಮನೇಲಿ ನೆಂಟರಿದ್ದಾರೆ. ಇದು ಸರಿಯಾಗೋವರೆಗೂ ನಾನು ಏಳಲ್ಲ."

"ಅದಕ್ಕೆ ಸ್ವಲ್ಪ ವಿಶ್ರಾಂತಿ..."

"ನಿನ್ನೆಯಿಂದ ಅದು ವಿಶ್ರಾಂತೀಲೇ ಇದೆ ಕಣ್ರೀ!"

"ಮಾಡೋ ಮಗನೇ, ಅವರೂ ಕಣ್ಣಾರೆ ನೋಡ್ಲಿ," ಎಂದರು ಅತ್ತೆ.

ಯಜಮಾನರು ಬೆವರುತ್ತಾ ಮಿಕ್ಸಿ ಬಿಚ್ಚಿದರು. ಕಡಿದ ತಂತಿ ಅಡುಗೆಮನೆ ಬಾಗಿಲಲ್ಲಿ ನಿಂತ ನನಗೇ ಕಾಣುತ್ತಿತ್ತು, ಮೂಗಿನ ಕೆಳಗಿದ್ದದ್ದು ಅವರಿಗೆ ಕಾಣಲಿಲ್ಲ. ಪ್ಲಗ್ ಕೂಡ ತೆಗೆಯದೆ ಒಳಗೆ ಇಕ್ಕಳ ತೂರಿಸಲು ಹೊರಟೇಬಿಟ್ಟರು.

"ಸರೀರಿ ಆ ಕಡೆ!" ಎಂದು ಕೂಗಿ ನುಗ್ಗಿದೆ. ಪ್ಲಗ್ ಕಿತ್ತೆ. ಅಕ್ಕಿ ಡಬ್ಬದ ಆಯುಧಗಳೆಲ್ಲ ಹೊರಬಂದವು. ಐದೇ ನಿಮಿಷದಲ್ಲಿ ಮಿಕ್ಸಿ ಗಿರ್ರೆಂದಿತು. ಒಂದು ಸ್ಕ್ರೂ ಸಹ ಉಳಿಯಲಿಲ್ಲ!

ಹನ್ನೆರಡು ವರ್ಷದ ನನ್ನ ಅಜ್ಞಾತವಾಸ ಮುಗಿಯಿತು ಎಂದುಕೊಂಡು ಎದೆಯುಬ್ಬಿಸಿ ನಿಂತೆ. ಅತ್ತೆಗೆ ಏನಾಗುತ್ತದೋ ಎಂಬ ಭಯವೂ ಇತ್ತು. ಅವರು ಸೆರಗಿನಿಂದ ಕಣ್ಣೊರೆಸಿಕೊಂಡರು.

"ನೋಡಿದ್ರಾ ಟೀಚರಮ್ಮ? ಹೂವಿನ ಜೊತೆ ನಾರೂ ಸ್ವರ್ಗಕ್ಕೆ ಹೋಗುತ್ತೆ ಅಂತಾರಲ್ಲ! ನನ್ನ ಮಗನ ಜೊತೆ ಇದ್ದೂ ಇದ್ದೂ ಇವಳಿಗೂ ವಿದ್ಯೆ ಬಂದ್ಬಿಟ್ಟಿದೆ."

ನಾನು ಯಜಮಾನರನ್ನು ದುರುಗುಟ್ಟಿ ನೋಡಿದೆ. ಅವರು ನನ್ನನ್ನು ನೋಡಿದರು, ಅಮ್ಮನ ಒದ್ದೆ ಕಣ್ಣು ನೋಡಿದರು, ಆಮೇಲೆ ನೆಲ ನೋಡಿದರು.

"ಏನೋ, ಬಿಡುವಿದ್ದಾಗ ಅಷ್ಟಿಷ್ಟು ಹೇಳ್ಕೊಡ್ತಿದ್ದೆ."

"ಯಾವಾಗ್ರೀ ಹೇಳ್ಕೊಟ್ರಿ?"

"ಮಧ್ಯಾಹ್ನದ ಹೊತ್ತು ಕಣೇ."

ಗೊರಕೆಯಲ್ಲೇ ಪಾಠ ಮಾಡಿದ ಗುರುಗಳು ಲೋಕದಲ್ಲಿ ಇವರೊಬ್ಬರೇ ಇರಬೇಕು!

"ಹೆಂಡತಿಗೂ ಕಲಿಸಿದ್ದೀರಲ್ಲ, ನಿಮ್ಮಂಥೋರು ಎಲ್ಲಿ ಸಿಗ್ತಾರೆ?" ಎಂದು ಟೀಚರಮ್ಮ ಕೈಮುಗಿದು ಹೋದರು. ವಾರದೊಳಗೆ ಅಂಗಡಿಗೆ ಹೊಸ ಬೋರ್ಡು ಬಂತು: 'ಹೆಂಗಸರಿಗೆ ರಿಪೇರಿ ಕಲಿಸಿಕೊಡಲಾಗುವುದು.' ಎಂಟು ಜನ ಶಿಷ್ಯೆಯರು ಸೇರಿದ್ದಾರೆ. ಗುರುಗಳು ಕುರ್ಚಿಯಲ್ಲಿ ಕೂತು "ಹ್ಞೂಂ" ಎನ್ನುತ್ತಾರೆ, ಕೈ ಕಪ್ಪು ಮಾಡಿಕೊಂಡು ತೋರಿಸಿಕೊಡುವವಳು ನಾನು.

ಹೊಗೆ ಮುಚ್ಚಿಡುವ ಕಷ್ಟವಂತೂ ತಪ್ಪಿತು, ಹಾಲು ಈಗ ಸೀಯುವುದಿಲ್ಲ. ನಿನ್ನೆ ಅತ್ತೆ ಒಂದು ಲೋಟ ಕುಡಿದು, ಚಪ್ಪರಿಸಿ, ಶಿಷ್ಯೆಯರೆಲ್ಲರ ಮುಂದೆ ಮೆಚ್ಚುಗೆಯಿಂದ ತಲೆದೂಗಿದರು.

"ಹಾಲು ಕಾಯಿಸೋದನ್ನೂ ಕೊನೆಗೆ ನನ್ನ ಮಗನೇ ಹೇಳ್ಕೊಡಬೇಕಾಯ್ತು ನೋಡಿ!"