ಬಾಮೈದನ ಎರಡು ಕರಾರು

ಅನಾಹುತ ಶುರುವಾದದ್ದು ಭಾನುವಾರ ಬೆಳಗ್ಗೆ ಏಳೂ ಹತ್ತಕ್ಕೆ, ಹಾರವಾಡದ ಕಡಲಲ್ಲಿ. ಅದಕ್ಕೆ ಕಾರಣ ಸಮುದ್ರವಲ್ಲ, ನನ್ನ ಓದು. ಪದವಿ ಪಡೆದವನ ಕೈಗೆ ಯಾರೂ ಕರಾರುಪತ್ರ ಕೊಡಬಾರದು. ಅದರಲ್ಲಿ ಬರೆದದ್ದು ಅವನಿಗೆ ಕಾಣುವುದಿಲ್ಲ, ಬರೆಯದೇ ಬಿಟ್ಟದ್ದು ಮಾತ್ರ ಕಾಣುತ್ತದೆ.

ನನ್ನ ಹೆಂಡತಿ ಸುಮನಾಳ ತಮ್ಮ ಸಂತೋಷನಿಗೆ ಟ್ರಯಥ್ಲಾನೇ ಹೊಟ್ಟೆಪಾಡು. ಮೊದಲು ಈಜು, ಆಮೇಲೆ ಸೈಕಲ್, ಕೊನೆಗೆ ಓಟ. ನೋಡುತ್ತ ನಿಂತ ನನಗೇ ಮೂರು ಸಲ ಸುಸ್ತಾಗುತ್ತದೆ. ಆದರೆ ಈ ವೃತ್ತಿಯವರಿಗೆ ನಿಜವಾದ ಬೆವರು ಕಿತ್ತುಬರುವುದು ಕ್ಯಾಲೆಂಡರ್ ಮುಂದೆ ಕುಳಿತಾಗ. ಯಾವ ಸರಣಿಯ ಅಂಕ ಬೇಕು, ಯಾವ ವಾರ ಕಾಲಿಗೆ ರಜೆ, ಯಾವ ಪ್ರಾಯೋಜಕರ ಮುನಿಸನ್ನು ತಡೆದುಕೊಳ್ಳಬಹುದು ಎಂದು ಅಳೆದು ಸುರಿದು ನೋಡಬೇಕು. ಒಂದೇ ಮುಹೂರ್ತಕ್ಕೆ ಇಬ್ಬರು ನೆಂಟರ ಮನೆಯಲ್ಲಿ ಮದುವೆ ಬಿದ್ದರೆ ನಾವು ಒದ್ದಾಡುವುದಿಲ್ಲವೇ, ಅವರಿಗೆ ವರ್ಷವಿಡೀ ಅದೇ. ಸಂತೋಷ ಅಂಕೋಲೆಯದೊಂದು, ಕಾರವಾರದ್ದೊಂದು, ಹೀಗೆ ಎರಡು ಸರಣಿಗಳಿಗೆ ಸಹಿ ಹಾಕಿದ್ದ. ಆಯೋಜಕರಿಬ್ಬರೂ ಹಾವು ಮುಂಗುಸಿ. ಒಂದು ಸ್ಪರ್ಧೆ ತಪ್ಪಿದರೂ ಕರಾರು ರದ್ದು. ಆ ಭಾನುವಾರ ಎರಡೂ ಒಟ್ಟಿಗೆ ಬಂದವು: ಬೆಳಗ್ಗೆ ಏಳಕ್ಕೆ ಅಂಕೋಲೆಯವರದು ಹಾರವಾಡದಲ್ಲಿ, ಹತ್ತು ಗಂಟೆಗೆ ಇನ್ನೊಂದು ಕಾರವಾರದಲ್ಲಿ.

"ಕರಾರಿನಲ್ಲಿ ಸ್ಪರ್ಧೆ ಆರಂಭಿಸತಕ್ಕದ್ದು ಎಂದಿದೆ. ಮುಗಿಸತಕ್ಕದ್ದು ಎಂದು ಎಲ್ಲಿದೆ?" ಎಂದೆ ನಾನು. "ಹಾರವಾಡದಲ್ಲಿ ನೀರಿಗಿಳಿ. ಕಾಲು ಸೆಳೆತ ಬಂದವನ ಹಾಗೆ ಕೈ ಎತ್ತು. ದಡಕ್ಕೆ ಬಂದು ನನ್ನ ಸ್ಕೂಟರ್ ಹತ್ತು."

"ಭಾವಾ, ನಿಮ್ಮ ತಲೆ ಅಂದ್ರೆ ತಲೆ ಮಾರಾಯ್ರೆ!" ಎಂದ. ಆ ಹೊಗಳಿಕೆ ನೆನೆದರೆ ಈಗಲೂ ಮೈ ನಡುಗುತ್ತದೆ.

ಶೆಟಗೇರಿಯ ಗದ್ದೆಗಳ ನಡುವೆ ಬೆಳೆದ ನನಗೆ ಕೈ ಎತ್ತುವುದೆಂದರೆ ಬಸ್ಸು ನಿಲ್ಲಿಸುವುದು. ಮೀನುಗಾರರ ಹಾರವಾಡದಲ್ಲಿ ನೀರಿನಿಂದ ಕೈ ಮೇಲೆದ್ದರೆ ಊರೇ ಎದ್ದು ಬರುತ್ತದೆ. ಸಂತೋಷ ಆ ಊರಿನವನೇ. ಆದರೆ ತಾನೂ ಮುಳುಗಬಹುದೆಂದು, ತನ್ನನ್ನೂ ಎತ್ತಲು ಬಂದಾರೆಂದು ಅವನಿಗೆ ಎಂದೂ ಹೊಳೆದಿರಲಿಲ್ಲ. ಕಾವಲಿನ ದೋಣಿ, ಬಲೆ ಬಿಟ್ಟ ದೋಣಿ, ಎಲ್ಲ ಅವನತ್ತ ನುಗ್ಗಿದವು. ಎಡಕ್ಕೊಂದು ದೋಣಿ, ಬಲಕ್ಕೊಂದು ದೋಣಿ, ನಡುವೆ ಅವನ ತಲೆ. ದೋಣಿಗಳು ಒಂದಕ್ಕೊಂದು ಢಣಾರನೆ ಬಡಿದವು. ನಡುವೆ ತಲೆಯಿಲ್ಲ. ದಡದಲ್ಲಿದ್ದ ನಾನು ಸ್ಕೂಟರ್ ಬಿಟ್ಟು ನೀರಿನತ್ತ ಓಡಿದೆ. ಆಮೇಲೆ ಆ ತಲೆ ದೋಣಿಗಳ ಹಿಂದೆ ಬುಳಕ್ಕನೆ ಎದ್ದಿತು. ಒಂದು ದೋಣಿಯಲ್ಲಿದ್ದ ಅವನ ಸೋದರಮಾವ ದಾಮೋದರ ಚಡ್ಡಿಗೇ ಕೈ ಹಾಕಿ ಮೇಲಕ್ಕೆಳೆದುಕೊಂಡ.

"ಮಾವಾ, ಬಿಡು! ನಂಗೆ ಎಂತಾ ಆಗ್ಲಿಲ್ಲ!"

"ಮುಳುಗೂರೆಲ್ಲ ಹಾಂಗೇ ಹೇಳೂದು. ಸುಮ್ನೆ ಬಿದ್ಕೊ."

ದಡದಲ್ಲಿ ಹೊಟ್ಟೆ ಅಮುಕಿದರು. ಬೆಳಗಿನ ಅವಲಕ್ಕಿ ಬಂತೇ ಹೊರತು ನೀರು ಬರಲಿಲ್ಲ. ಸಂತೋಷ ಕಾರವಾರಕ್ಕೆ ಹೋಗಬೇಕು ಎಂದದ್ದೇ ತಡ, ಮಾವ ಗುಡುಗಿದ: "ಸಮುದ್ರ ತಿರುಗಿ ಕೊಟ್ಟವ ಅದೇ ದಿನ ಮತ್ತೆ ನೀರು ಮುಟ್ಟೂದುಂಟಾ? ನಮ್ಮ ಕೇರಿಲಿ ಯಾರಾದ್ರೂ ಇಳಿದದ್ದುಂಟಾ?" ಸುಳ್ಳಾಟವೆಂದು ಒಪ್ಪಿಕೊಳ್ಳೋಣವೆಂದರೆ ಬಲೆ ಕತ್ತರಿಸಿ ಓಡಿಬಂದವರು ಸುತ್ತಲೂ ನಿಂತಿದ್ದರು. ಸಂತೋಷ ನನ್ನನ್ನು ನೋಡಿದ. ನಾನು ಸ್ಕೂಟರನ್ನು ನೋಡಿದೆ. ಹತ್ತು ಗಂಟೆಯಾಯಿತು.

ಅಂದಿನಿಂದ ನಿದ್ದೆಯಲ್ಲಿ ನನ್ನ ಬಲಗೈ ತಾನಾಗಿ ಮೇಲೇಳತೊಡಗಿತು. ಕನಸಿನಲ್ಲಿ ಎರಡು ದೋಣಿ ಬಂದು ಬಡಿದೊಡನೆ ನಾನು ಚೀರುತ್ತ ಏಳುತ್ತಿದ್ದೆ. ಅತ್ತ ಕಾರವಾರದವರು ಕರಾರು ಹರಿಯುವ ಮಾತಾಡುತ್ತಿದ್ದರು. ಗುರುವಾರ ಸುಮನಾ ನನ್ನನ್ನೂ ಎಳೆದುಕೊಂಡು ಅಲ್ಲಿನ ಆಯೋಜಕರ ಮನೆಗೇ ಹೋಗಿ ಇದ್ದದ್ದು ಇದ್ದಂತೆ ಹೇಳಿದಳು. ಅವರೂ ಬಲೆ ಎಳೆದ ಮನೆತನದವರೇ. ನಕ್ಕು ನಕ್ಕು ಕಣ್ಣೊರೆಸಿಕೊಂಡರು.

"ಮುಳುಗಿದ್ದು ಸುಳ್ಳಾದ್ರೂ ಎತ್ತಿದ್ದು ಖರೇ ಅಲ್ದಾ ತಂಗಿ? ಅವತ್ತು ಇಲ್ಲಿಗೆ ಬಂದಿದ್ರೂ ನಾವು ಅವ್ನ ನೀರಿಗೆ ಬಿಡ್ತಿರ್ಲಿಲ್ಲ. ಕರಾರು ಇರ್ಲಿ. ಆದ್ರೆ ಅದನ್ನ ಇನ್ನು ಈ ಭಾವನ ಕೈಗೆ ಕೊಡಬೇಡಿ."

ಅಂದು ರಾತ್ರಿ ನಾನು ಬೆಳಗಿನವರೆಗೂ ಗೊರಕೆ ಹೊಡೆದೆ. ಎದ್ದವನೇ ಹೆಮ್ಮೆಯಿಂದ, "ನೋಡಿದ್ಯಾ, ಕೈ ಏಳಲೇ ಇಲ್ಲ," ಎಂದೆ.

ಸುಮನಾ ಕುತ್ತಿಗೆ ಸವರಿಕೊಳ್ಳುತ್ತ ಹೇಳಿದಳು: "ಏಳೂದು ಎಲ್ಲಿಂದ? ರಾತ್ರಿಯಿಡೀ ನಾನು ಅದನ್ನೇ ತಲೆದಿಂಬು ಮಾಡ್ಕಂಡು ಮಲಗಿದ್ದೆ."